ಚಿಮಣಿಯ ಜಿಡ್ಡು: ಹಸಿಯಿರುವಾಗಲೇ ತೊಳೆಯಿರಿ

ದಸರೆ ಹತ್ತಿರವಾಗುತ್ತಿದ್ದಂತೆ ಮನೆಯ ಶುಚಿಗೆ ಸಂಬಂಧಿಸಿದ ಪತ್ರಗಳು ಹೆಚ್ಚುವುದು ಈ ಅಂಕಣಕ್ಕೆ ಹೊಸದಲ್ಲ. ಈ ಬಾರಿ ಬಂದವುಗಳಲ್ಲಿ ಬಹುಪಾಲು ಒಲೆಯ ಮೇಲಿನ ಚಿಮಣಿಯನ್ನು ಕುರಿತಿವೆ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಹೊಲಿಗೆ ಯಂತ್ರ, ಕಡೆಗೆ ಈಳಿಗೆಮಣೆಗೂ ಕುಂಕುಮ ಇಡುವ ನಾವು, ಮೂರು ಹೊತ್ತೂ ಒಗ್ಗರಣೆಯ ಘಾಟನ್ನು ನುಂಗುವ ಈ ಯಂತ್ರವನ್ನು ತಲೆಯೆತ್ತಿ ನೋಡುವುದೇ ಅಪರೂಪ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನಾವು ಚಿಮಣಿ ಹಾಕಿಸಿ ಮೂರು ವರ್ಷವಾಯಿತು. ಮೊದಮೊದಲು ಅದರ ಸ್ಟೀಲ್ ಫಿಲ್ಟರನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದರೆ ಸಾಕಾಗುತ್ತಿತ್ತು. ಈಗ ಎಷ್ಟು ಉಜ್ಜಿದರೂ ಕಂದುಬಣ್ಣದ ಅಂಟು ಬಿಡುತ್ತಿಲ್ಲ. ವಿನಿಗರ್ ಮತ್ತು ಅಡುಗೆ ಸೋಡಾ ಬೆರೆಸಿ ಸುರಿದರೆ ಎಲ್ಲವೂ ಹೋಗುತ್ತದೆಂದು ಸೊಸೆ ಹೇಳಿದಳು. ಹಾಗೆಯೇ ಮಾಡಿದೆವು, ನೊರೆಯೇನೋ ಚೆನ್ನಾಗಿ ಬಂತು, ಅಂಟು ಹೋಗಲಿಲ್ಲ. ಏನು ಮಾಡಬೇಕು? ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?
– ಗೃಹಿಣಿ, ಮಲ್ಲೇಶ್ವರ

ಉತ್ತರ: ತಾಯಿ, ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ. ಮೊದಲು ಸೋಪಿಗೆ ಹೋಗುತ್ತಿದ್ದ ಜಿಡ್ಡೇ ಬೇರೆ, ಈಗ ಕುಳಿತಿರುವ ಪದಾರ್ಥವೇ ಬೇರೆ. ದೇವರ ಮನೆಯಲ್ಲಿ ಬಹಳ ದಿನ ತಿಕ್ಕದೆ ಬಿಟ್ಟ ಹಿತ್ತಾಳೆಯ ದೀಪದ ಕಂಬವನ್ನು ನೆನಪಿಸಿಕೊಳ್ಳಿ. ಎಣ್ಣೆ ಸೋರಿದ ಜಾಗ ಮೊದಲ ದಿನ ಬೆರಳಿಗೆ ಜಾರುತ್ತದೆ. ಎರಡು ವಾರ ಕಳೆದರೆ ಬೆರಳನ್ನು ಹಿಡಿದುಕೊಳ್ಳುತ್ತದೆ. ಇನ್ನೂ ಬಿಟ್ಟರೆ ಉಗುರಿಗೂ ಸಿಗದಂತೆ ಗಟ್ಟಿಕಟ್ಟುತ್ತದೆ. ಎಣ್ಣೆಯ ಅಣುಗಳು ಗಾಳಿಯಲ್ಲಿನ ಆಮ್ಲಜನಕದೊಡನೆ ಸೇರಿ ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗುವುದೇ ಇದಕ್ಕೆ ಕಾರಣ. ಹಳೆಯ ಮನೆಗಳ ಬಾಗಿಲಿಗೆ ಹಚ್ಚಿದ ಅಗಸೆ ಎಣ್ಣೆ ಒಣಗಿ ಹೊಳಪಿನ ಪದರವಾಗುವುದೂ ಇದೇ ಕ್ರಿಯೆಯಿಂದ. ಒಲೆಯ ಬಿಸಿ ಈ ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಅಂದರೆ ನಿಮ್ಮ ಫಿಲ್ಟರಿನ ಮೇಲೆ ಕುಳಿತಿರುವುದು ಒಂದು ಬಗೆಯ ವಾರ್ನಿಷ್.

ಎಲ್ಲ ಎಣ್ಣೆಗಳೂ ಒಂದೇ ವೇಗದಲ್ಲಿ ಹೀಗಾಗುವುದಿಲ್ಲ. ಎಣ್ಣೆ ಎಷ್ಟರಮಟ್ಟಿಗೆ ಹೀಗೆ ಒಣಗಿ ಗಟ್ಟಿಯಾಗಬಲ್ಲದೆಂಬುದನ್ನು ಅಯೋಡಿನ್ ಸಂಖ್ಯೆಯಿಂದ ಅಂದಾಜು ಮಾಡುತ್ತಾರೆ; ಸಂಖ್ಯೆ ಹೆಚ್ಚಿದಷ್ಟೂ ಎಣ್ಣೆ ಬೇಗ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅದು ಸುಮಾರು 6ರಿಂದ 10, ಕಡಲೆಕಾಯಿ ಎಣ್ಣೆಯಲ್ಲಿ 80–100ರ ಆಸುಪಾಸು, ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ 120ನ್ನೂ ಮೀರುತ್ತದೆ. ಬೆಂಗಳೂರಿನ ಬಹಳಷ್ಟು ಮನೆಗಳಲ್ಲಿ ಈಗ ನಿತ್ಯದ ಅಡುಗೆಗೆ ಬಳಸುವುದು ಸೂರ್ಯಕಾಂತಿ ಎಣ್ಣೆಯನ್ನೇ. ಹಾಗಾಗಿ ನಮ್ಮ ಚಿಮಣಿಗಳಲ್ಲಿ ಅಂಟು ಬೇಗ ಕಟ್ಟುವುದು ಸಹಜ. ಕರಾವಳಿಯ ಅಡುಗೆ ಮಾಡುವವರ ಮನೆಯಲ್ಲಿ ತೊಂದರೆ ಬೇರೆ ಬಗೆಯದು: ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ, ಮಾಗಿಯ ಬೆಳಗಿನಲ್ಲಿ ಫಿಲ್ಟರಿನ ಸಂದುಗಳಲ್ಲಿ ಬಿಳಿಯ ಮೇಣದಂತೆ ಕುಳಿತಿರುತ್ತದೆ. ಅದು ನೋಡಲು ಹೆದರಿಸಿದರೂ ಬಿಸಿನೀರು ಬಿದ್ದ ಕೂಡಲೇ ಇಳಿದುಹೋಗುತ್ತದೆ.

ವಿನಿಗರ್ ಮತ್ತು ಸೋಡಾದ ವಿಷಯ. ಒಂದು ಆಮ್ಲ, ಇನ್ನೊಂದು ಕ್ಷಾರ. ಎರಡನ್ನೂ ಬೆರೆಸಿದರೆ ಒಂದು ಇನ್ನೊಂದರ ಶಕ್ತಿಯನ್ನು ಕಳೆಯುತ್ತದೆ. ನೊರೆಯಾಗಿ ಹೊರಬರುವುದು ಇಂಗಾಲದ ಡೈ ಆಕ್ಸೈಡ್, ಉಳಿಯುವುದು ಬಹುಮಟ್ಟಿಗೆ ಉಪ್ಪುನೀರು. ನೊರೆ ಕಣ್ಣಿಗೆ ತೃಪ್ತಿ ಕೊಡುತ್ತದೆ, ಜಿಡ್ಡಿಗೆ ಏನೂ ಮಾಡುವುದಿಲ್ಲ. ಜಿಡ್ಡಿಗೆ ಬೇಕಾದದ್ದು ಬಿಸಿ, ಕ್ಷಾರ ಮತ್ತು ನೆನೆಯಲು ಸಮಯ. ಕ್ಷಾರವು ಎಣ್ಣೆಯ ಒಂದು ಪಾಲನ್ನು ಸೋಪನ್ನಾಗಿ ಪರಿವರ್ತಿಸುತ್ತದೆ, ಆ ಸೋಪು ಉಳಿದ ಎಣ್ಣೆಯನ್ನು ನೀರಿಗೆ ಎಳೆಯುತ್ತದೆ. ನಮ್ಮ ಅಜ್ಜಿಯರು ಎಣ್ಣೆ ಪಾತ್ರೆಗೆ ಒಲೆಯ ಬೂದಿಯನ್ನು ಹಾಕಿ ತಿಕ್ಕುತ್ತಿದ್ದುದು ಇದಕ್ಕಾಗಿಯೇ. ಕಟ್ಟಿಗೆಯ ಬೂದಿ ಕ್ಷಾರ.

ಈಗ ಕೆಲಸಕ್ಕೆ ಬರೋಣ. ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡಿ. ಅಡುಗೆಯಾಗಿ ಒಂದು ಗಂಟೆಯಾದರೂ ಕಳೆದಿರಲಿ. ರಬ್ಬರ್ ಕೈಗವಸು ಹಾಕಿಕೊಳ್ಳಿ, ಏಕೆಂದರೆ ಈ ಫಿಲ್ಟರುಗಳ ತಗಡಿನ ಅಂಚು ಹಿಂಬದಿಯಲ್ಲಿ ಬ್ಲೇಡಿನಷ್ಟು ಹರಿತವಾಗಿರುತ್ತದೆ. ಬಿಚ್ಚಿದ ಫಿಲ್ಟರನ್ನು ನೇರವಾಗಿ ಸಿಂಕಿಗೆ ಇಳಿಸಬೇಡಿ. ಹಳೆಯ ಪತ್ರಿಕೆಯ ಮೇಲೆ ಇಟ್ಟು, ಮೇಲಿನ ಜಿಡ್ಡನ್ನು ಕಾಗದದಿಂದಲೇ ಒರೆಸಿ ಕಸಕ್ಕೆ ಹಾಕಿ. ಈ ಜಿಡ್ಡು ಬಿಸಿನೀರಿನೊಡನೆ ಕೊಳವೆಗೆ ಇಳಿದು ಅಲ್ಲಿ ತಣ್ಣಗಾದರೆ ಸಿಂಕು ಕಟ್ಟಿಕೊಳ್ಳುವುದು ಖಂಡಿತ. ಫಿಲ್ಟರು ಅಡ್ಡಲಾಗಿ ಹಿಡಿಸುವಷ್ಟು ಅಗಲದ ಟಬ್ಬಿನಲ್ಲಿ, ಕೈ ಇಡಲಾಗದಷ್ಟು ಬಿಸಿಯಿರುವ ನೀರನ್ನು ಅದು ಮುಳುಗುವಷ್ಟು ಹಾಕಿ, ಪ್ರತಿ ಐದು ಲೀಟರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಪಾತ್ರೆ ತೊಳೆಯುವ ದ್ರವವನ್ನು ಕದಡಿ, ಅರ್ಧ ಗಂಟೆ ಬಿಡಿ. ವಾಷಿಂಗ್ ಸೋಡಾ ಎಂದರೆ ಬಟ್ಟೆ ಒಗೆಯಲು ಬಳಸುವ ಸೋಡಾ; ಅಡುಗೆ ಸೋಡಾ ಇದಕ್ಕಿಂತ ಬಹಳ ಸೌಮ್ಯ, ಕಾಸ್ಟಿಕ್ ಸೋಡಾ ಇದಕ್ಕಿಂತ ಬಹಳ ಉಗ್ರ. ಮೂರೂ ಬಿಳಿಯ ಬಣ್ಣದವೇ ಆದ್ದರಿಂದ ಡಬ್ಬಿಯ ಮೇಲೆ ಹೆಸರು ಬರೆದಿಟ್ಟುಕೊಳ್ಳಿ. ನಿಮ್ಮಲ್ಲಿ ಬೋರ್‌ವೆಲ್ ನೀರಾದರೆ ವಾಷಿಂಗ್ ಸೋಡಾದಿಂದ ಇನ್ನೊಂದು ಅನುಕೂಲವಿದೆ: ಅದು ನೀರಿನ ಗಡಸುತನವನ್ನು ಇಳಿಸುತ್ತದೆ, ನೊರೆ ಚೆನ್ನಾಗಿ ಬರುತ್ತದೆ.

ಅರ್ಧ ಗಂಟೆಯ ನಂತರ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಗಡಿನ ಮಡಿಕೆಗಳ ಉದ್ದಕ್ಕೂ ಉಜ್ಜಿ. ಮೂರು ವರ್ಷದ ಅಂಟು ಒಂದೇ ಸಲಕ್ಕೆ ಹೋಗಲಾರದು. ನೀರು ಬದಲಿಸಿ ಇನ್ನೊಮ್ಮೆ ನೆನೆಸಬೇಕಾಗಬಹುದು. ಎರಡನೆಯ ಸಲವೂ ಉಳಿದ ಕಲೆಯನ್ನು ಮರದ ಸೌಟಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ. ಅಷ್ಟಾದರೂ ಬಣ್ಣ ಮಾತ್ರ ಉಳಿದಿದ್ದರೆ ಬಿಟ್ಟುಬಿಡಿ. ಗಾಳಿ ಹೋಗುವ ಸಂದು ತೆರೆದಿದ್ದರೆ ಫಿಲ್ಟರಿನ ಕೆಲಸಕ್ಕೆ ಯಾವ ತೊಂದರೆಯೂ ಇಲ್ಲ. ಬಣ್ಣಕ್ಕಾಗಿ ಉಜ್ಜಿ ಗೀಚು ಮಾಡಿದರೆ ಮುಂದಿನ ಜಿಡ್ಡು ಆ ಗೀಚುಗಳಲ್ಲಿ ಇನ್ನೂ ಬಿಗಿಯಾಗಿ ಕೂರುತ್ತದೆ. ಕೊನೆಯಲ್ಲಿ ತಿಳಿನೀರಿನಿಂದ ತೊಳೆದು, ಬಿಸಿಲಿಗೆ ಓರೆಯಾಗಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆಯೇ ಜೋಡಿಸಿ.

ಎಷ್ಟು ದಿನಕ್ಕೊಮ್ಮೆ ಎಂಬುದಕ್ಕೆ ಕ್ಯಾಲೆಂಡರಿಗಿಂತ ಬೆರಳು ಒಳ್ಳೆಯ ಮಾಪಕ. ಫಿಲ್ಟರಿನ ಅಂಚಿಗೆ ಬೆರಳಿಟ್ಟಾಗ ಜಾರಿದರೆ ಇನ್ನೂ ಸಮಯವಿದೆ, ಬೆರಳು ಅಂಟಿಕೊಳ್ಳತೊಡಗಿದರೆ ಆ ದಿನವೇ ತೊಳೆಯಬೇಕು. ದಿನವೂ ಒಗ್ಗರಣೆ, ವಾರಕ್ಕೊಮ್ಮೆ ಪೂರಿ ಅಥವಾ ಬೋಂಡ ಮಾಡುವ ಮನೆಯಲ್ಲಿ ಇದು ಮೂರು ವಾರದ ಆಸುಪಾಸಿಗೆ ಬರುತ್ತದೆ. ಚಕ್ಕುಲಿ, ಕೋಡುಬಳೆ, ಕರಿದ ಕಡುಬು ಎಂದು ಎರಡು ದಿನ ಬಾಣಲೆ ಇಳಿಸದ ಹಬ್ಬಗಳಲ್ಲಿ ಮಾತ್ರ ಲೆಕ್ಕ ಹಿಡಿಯದೆ, ಕರಿಯುವ ಕೆಲಸ ಮುಗಿದ ಮರುದಿನವೇ ತೊಳೆದುಬಿಡಿ. ಆ ಹಸಿ ಜಿಡ್ಡಿಗೆ ಬಿಸಿನೀರು ಮತ್ತು ಸೋಪು ಸಾಕು, ಕಾಲು ಗಂಟೆಯ ಕೆಲಸ.

ಪ್ರಶ್ನೆ: ನಮ್ಮದು ಆಟೋ ಕ್ಲೀನ್ ಚಿಮಣಿ. ಕೊಳ್ಳುವಾಗ ಅಂಗಡಿಯವರು ಇದನ್ನು ಎಂದಿಗೂ ಶುಚಿ ಮಾಡಬೇಕಾಗಿಲ್ಲ ಎಂದಿದ್ದರು. ಎರಡು ವರ್ಷ ಸುಮ್ಮನಿದ್ದೆವು. ಈಗ ಒಲೆಯ ಮೇಲೆ, ಒಮ್ಮೊಮ್ಮೆ ಹಾಲಿನ ಪಾತ್ರೆಯೊಳಗೂ ಎಣ್ಣೆಯ ಹನಿ ಬೀಳುತ್ತಿದೆ. ಯಂತ್ರ ಕೆಟ್ಟಿದೆಯೇ?
– ಉದ್ಯೋಗಸ್ಥ ದಂಪತಿ, ವೈಟ್‌ಫೀಲ್ಡ್

ಉತ್ತರ: ಯಂತ್ರ ಬಹುಶಃ ಕೆಟ್ಟಿಲ್ಲ, ಎಣ್ಣೆಯ ಬಟ್ಟಲು ತುಂಬಿ ಹೊರಚೆಲ್ಲುತ್ತಿದೆ. ಇಂದೇ ಅದನ್ನು ಹುಡುಕಿ. ಚಿಮಣಿಯ ಕೆಳಗಡೆ, ಮುಂದೆ ಅಥವಾ ಬದಿಯಲ್ಲಿ, ಕೈಗೆ ಸಿಗುವ ಒಂದು ಸಣ್ಣ ಸ್ಟೀಲ್ ಅಥವಾ ಪ್ಲಾಸ್ಟಿಕ್ ಬಟ್ಟಲು ಇರುತ್ತದೆ. ಎಷ್ಟೋ ಮನೆಗಳಲ್ಲಿ ಅಂಥದೊಂದು ಇದೆಯೆಂಬುದೇ ತಿಳಿದಿರುವುದಿಲ್ಲ. ನಾನು ಒಂದು ಮನೆಯಲ್ಲಿ ಎರಡೂ ಕೈಯಲ್ಲಿ ಹಿಡಿದು ಅದನ್ನು ಇಳಿಸಿದಾಗ, ಜೋನಿಬೆಲ್ಲದ ಬಣ್ಣದ ಮಂದ ದ್ರವ ಅಂಚಿನವರೆಗೆ ತುಂಬಿ, ಮೇಲೆ ಕೆನೆಯಂಥ ಪದರ ಕಟ್ಟಿ, ಅದರಲ್ಲಿ ಒಂದು ಸಾಸಿವೆ ಕಾಳು ಮತ್ತು ನಾಲ್ಕಾರು ಸಣ್ಣ ನೊಣಗಳು ಸಿಕ್ಕಿಕೊಂಡಿದ್ದವು. ಅಡುಗೆಮನೆಯ ಕಮಟು ವಾಸನೆಗೆ ಕಾರಣ ಹುಡುಕಿ ಆ ಮನೆಯವರು ಆರು ತಿಂಗಳು ಸಿಂಕು ತೊಳೆದಿದ್ದರು.

ಆಟೋ ಕ್ಲೀನ್ ಎಂದರೆ ಏನು ನಡೆಯುತ್ತದೆಂಬುದನ್ನು ಅಂಗಡಿಯವರು ಹೇಳಬೇಕಿತ್ತು. ಗಾಳಿಯನ್ನು ಎಳೆಯುವ ಬ್ಲೋವರಿನ ಸುತ್ತ ಒಂದು ಹೀಟರ್ ಇರುತ್ತದೆ. ಗುಂಡಿ ಒತ್ತಿದಾಗ ಅದು ಕೆಲವು ನಿಮಿಷ ಕಾದು, ಬ್ಲೋವರಿಗೂ ಅದರ ಗೂಡಿಗೂ ಹತ್ತಿದ ಎಣ್ಣೆಯನ್ನು ತೆಳುವಾಗಿಸಿ ಬಟ್ಟಲಿಗೆ ಇಳಿಸುತ್ತದೆ. ಅಷ್ಟೇ ಅದರ ವ್ಯಾಪ್ತಿ. ಹೊರಗಿನ ಗಾಜು, ಕೆಳಭಾಗದ ಅಂಚು, ಹಿಂದಿನ ಕೊಳವೆ, ಫಿಲ್ಟರಿರುವ ಮಾದರಿಯಾದರೆ ಆ ಫಿಲ್ಟರು, ಇವುಗಳಿಗೆ ಹೀಟರಿನ ಬಿಸಿ ತಲುಪುವುದಿಲ್ಲ. ಮೇಲಿನ ಉತ್ತರದಲ್ಲಿ ಹೇಳಿದ ವಾರ್ನಿಷ್‌ನಂಥ ಅಂಟು ಬಿಸಿಗೆ ಕರಗುವುದೂ ಇಲ್ಲ. ಹಸಿ ಎಣ್ಣೆ ಮಾತ್ರ ಇಳಿಯುತ್ತದೆ. ಎರಡು ವರ್ಷದ ನಂತರ ಗುಂಡಿ ಒತ್ತಿದವರಿಗೆ ಆಟೋ ಕ್ಲೀನ್ ಏನೂ ಮಾಡಲಿಲ್ಲ ಎನಿಸುವುದು ಇದರಿಂದಲೇ. ಹತ್ತು ಹದಿನೈದು ದಿನಕ್ಕೊಮ್ಮೆ ತಪ್ಪದೆ ಒತ್ತಬೇಕು. ಆಗ ಒಲೆ ಪೂರ್ತಿ ಆರಿರಬೇಕು, ಕೆಳಗೆ ಯಾವ ಪಾತ್ರೆಯೂ ಇರಬಾರದು. ಬಟ್ಟಲನ್ನು ವಾರಕ್ಕೊಮ್ಮೆ ಇಳಿಸಿ ನೋಡಿ, ಅರ್ಧ ತುಂಬಿದಾಗಲೇ ಬರಿದು ಮಾಡಿ ತೊಳೆಯಿರಿ.

ನಿಮ್ಮಲ್ಲಿ ಎರಡು ವರ್ಷದ ಶೇಖರಣೆ ಇರುವುದರಿಂದ ಈಗ ಒಂದು ಸಲ ಅನುಭವಸ್ಥ ಮೆಕ್ಯಾನಿಕ್ಕನಿಂದ ಬ್ಲೋವರನ್ನು ಹೊರತೆಗೆಸಿ ತೊಳೆಸುವುದು ಅಗತ್ಯ. ಅದಾಗುವವರೆಗೆ ಅದರ ಕೆಳಗೆ ಕರಿಯುವ ಕೆಲಸ ಮಾಡಬೇಡಿ. ಜಿಡ್ಡು ತುಂಬಿದ ಚಿಮಣಿಗೆ ಬಾಣಲೆಯ ಬೆಂಕಿ ತಾಗಿದರೆ ಅದು ಕೊಳವೆಯವರೆಗೂ ಹರಡಬಲ್ಲದು. ಹಾಗೇನಾದರೂ ಬಾಣಲೆಗೆ ಬೆಂಕಿ ಹತ್ತಿದರೆ ನೀರು ಹಾಕಕೂಡದು. ಒಲೆ ಆರಿಸಿ, ಚಿಮಣಿ ನಿಲ್ಲಿಸಿ, ದೊಡ್ಡ ತಟ್ಟೆಯಿಂದ ಬಾಣಲೆಯನ್ನು ಮುಚ್ಚಿಬಿಡಿ.

ಪ್ರಶ್ನೆ: ಚಿಮಣಿ ಸರ್ವಿಸ್ ಮಾಡಲು ಬಂದವರು ಬಿಳಿಯ ಪುಡಿಯೊಂದನ್ನು ನೀರಿಗೆ ಹಾಕಿ ಜಾಲರಿಯ ಫಿಲ್ಟರನ್ನು ನೆನೆಸಿದರು. ಬೆಳ್ಳಗಿದ್ದ ಜಾಲರಿ ಕಪ್ಪಾಗಿ ಹೋಯಿತು. ಅದು ಹಾಗೆಯೇ ಎಂದು ಹೇಳಿ ಹೊರಟುಹೋದರು. ಬಳಸಬಹುದೇ?
– ಓದುಗರು, ಕೆಂಗೇರಿ ಉಪನಗರ

ಉತ್ತರ: ಈ ಪತ್ರ ಓದಿ ನನಗೆ ನಿಜವಾಗಿಯೂ ಸಂಕಟವಾಯಿತು, ಏಕೆಂದರೆ ಇದೇ ನಷ್ಟ ನಮ್ಮ ಮನೆಯಲ್ಲೂ ಆಗಿದೆ. ಬಂದ ಹುಡುಗ ಅಡುಗೆಮನೆಗೆ ಹೊಂದಿಕೊಂಡ ಯುಟಿಲಿಟಿ ಜಾಗದಲ್ಲಿದ್ದ ಬಕೆಟ್ಟಿಗೆ ಬಿಳಿಯ ಹರಳುಗಳನ್ನು ಸುರಿದು, ನೀರು ಹಾಕಿ, ಜಾಲರಿಯನ್ನು ಇಳಿಬಿಟ್ಟ. ಕ್ಷಣದಲ್ಲೇ ಬುಸ್ಸೆಂದು ಕುದಿಯುವ ಸದ್ದು ಬಂತು. ಗಂಟಲು ಹಿಡಿಯುವಂಥ ಹಬೆ ಎದ್ದಿತು. ಬಕೆಟ್ಟಿನ ಹೊರಮೈ ಮುಟ್ಟಿದರೆ ಬಿಸಿಯಾಗಿತ್ತು. ಕೊಳೆ ಬಿಡುತ್ತಿದೆ ಎಂದ ಅವನು. ಹೊರತೆಗೆದಾಗ ಜಾಲರಿ ದೋಸೆಹಂಚಿನಷ್ಟು ಕಪ್ಪಾಗಿತ್ತು, ಒಂದು ಮೂಲೆಯ ಎಳೆಗಳು ಬೆರಳು ತಾಗಿದೊಡನೆ ಮುರಿದುಬಿದ್ದವು.

ಆ ಹರಳು ಕಾಸ್ಟಿಕ್ ಸೋಡಾ. ಜಾಲರಿ ಫಿಲ್ಟರುಗಳು ಸಾಮಾನ್ಯವಾಗಿ ಅಲ್ಯೂಮಿನಿಯಮ್‌ನವು. ಕಾಸ್ಟಿಕ್ ಸೋಡಾ ಜಿಡ್ಡನ್ನಷ್ಟೇ ಅಲ್ಲದೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಆಗ ಹೊರಡುವ ಗುಳ್ಳೆಗಳು ಜಲಜನಕ, ಅಂದರೆ ಹೊತ್ತಿಕೊಳ್ಳುವ ಅನಿಲ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಗ್ಯಾಸ್ ಸಿಲಿಂಡರ್ ಇರುವುದು ಬಹುಮಟ್ಟಿಗೆ ಅದೇ ಯುಟಿಲಿಟಿಯಲ್ಲಿ, ಕೆಲವೆಡೆ ಗ್ಯಾಸ್ ಗೀಸರ್ ಕೂಡ ಅಲ್ಲಿಯೇ. ಜೊತೆಗೆ ಈ ದ್ರಾವಣದ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿಗೆ ಅಪಾಯ. ಆದ್ದರಿಂದ ಸರ್ವಿಸ್‌ಗೆ ಬಂದವರನ್ನು ಮೊದಲೇ ಕೇಳಿ: ಯಾವ ಪುಡಿ, ಡಬ್ಬಿಯ ಮೇಲೆ ಏನು ಬರೆದಿದೆ? ಹೆಸರಿಲ್ಲದ ಪುಡಿಯನ್ನು ಮನೆಯೊಳಗೆ ಬಿಡಬೇಡಿ. ಹಾಗೆ ಕೇಳುವುದು ಅವಮಾನವಲ್ಲ. ದಿನಕ್ಕೆ ಹಲವು ಮನೆಗಳಲ್ಲಿ ಬರಿಗೈಯಲ್ಲಿ ಈ ಕೆಲಸ ಮಾಡುವ ಆ ಹುಡುಗನ ಚರ್ಮಕ್ಕೂ ಅದು ಒಳ್ಳೆಯದು. ನಮ್ಮ ಮನೆಗೆ ಬಂದವನ ಬೆರಳ ತುದಿಗಳು ಸಿಪ್ಪೆ ಸುಲಿದಿದ್ದುದನ್ನು ನಾನು ಗಮನಿಸಿದ್ದು ಕೆಲಸ ಮುಗಿದ ಮೇಲೆ.

ನಿಮ್ಮ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಬಣ್ಣ ಮಾತ್ರ ಕಪ್ಪಾಗಿ ಎಳೆಗಳು ಗಟ್ಟಿಯಿದ್ದರೆ ಚೆನ್ನಾಗಿ ತೊಳೆದು ಬಳಸಬಹುದು. ಎಳೆ ಸವೆದು ತೂತಾಗಿದ್ದರೆ ಬದಲಿಸಲೇಬೇಕು. ತೂತಿನ ಮೂಲಕ ಎಣ್ಣೆ ನೇರವಾಗಿ ಮೋಟಾರಿನತ್ತ ಹೋಗುತ್ತದೆ. ಇನ್ನು ಮುಂದೆ ಅಲ್ಯೂಮಿನಿಯಮ್ ಜಾಲರಿಗೆ ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವ ಮಾತ್ರ, ಅದೂ ಕಾಲು ಗಂಟೆ ಮೀರದಂತೆ. ಮಲ್ಲೇಶ್ವರದ ಓದುಗರಿಗೆ ಹೇಳಿದ ವಾಷಿಂಗ್ ಸೋಡಾ ಸ್ಟೀಲಿಗೆ ಸರಿ, ಇದಕ್ಕೆ ಬೇಡ. ಪಾತ್ರೆ ತೊಳೆಯುವ ಯಂತ್ರಕ್ಕೂ ಇದನ್ನು ಹಾಕಬೇಡಿ, ಅದರ ಪುಡಿಯೂ ಕ್ಷಾರವೇ. ಸೌಮ್ಯವಾದ ಸೋಪಿನಿಂದಲೇ ಕೆಲಸ ಆಗಬೇಕಾದರೆ ಹತ್ತು ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು, ಬೇರೆ ದಾರಿಯಿಲ್ಲ. ಸ್ಟೀಲೋ ಅಲ್ಯೂಮಿನಿಯಮ್ಮೋ ಎಂಬ ಸಂದೇಹವಿದ್ದರೆ ಎತ್ತಿ ನೋಡಿ. ಅಲ್ಯೂಮಿನಿಯಮ್ ಜಾಲರಿ ಕೈಗೆ ಬಹಳ ಹಗುರ, ಒತ್ತಿದರೆ ಬಾಗುತ್ತದೆ.

ಪ್ರಶ್ನೆ: ಫಿಲ್ಟರು ಹೊಸದರಂತೆ ಹೊಳೆಯುತ್ತಿದೆ, ಮೋಟಾರು ಚೆನ್ನಾಗಿ ತಿರುಗುತ್ತಿದೆ, ಆದರೂ ಹೊಗೆ ಎಳೆಯುತ್ತಿಲ್ಲ. ಮೆಣಸಿನಕಾಯಿ ಹುರಿದರೆ ಮನೆಯವರೆಲ್ಲ ಕೆಮ್ಮುತ್ತಾರೆ. ಇನ್ನೂ ದೊಡ್ಡ ಚಿಮಣಿ ಕೊಳ್ಳಬೇಕೇ?
– ನಿವೃತ್ತ ಶಿಕ್ಷಕರು, ವಿಜಯನಗರ

ಉತ್ತರ: ಮಾನ್ಯರೆ, ಕೊಳ್ಳುವ ಮುನ್ನ ಗಾಳಿಯ ದಾರಿಯನ್ನು ಒಮ್ಮೆ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ. ಚಿಮಣಿಯನ್ನು ಹೆಚ್ಚಿನ ವೇಗಕ್ಕೆ ಇಟ್ಟು ತೆಳುವಾದ ಕಾಗದವೊಂದನ್ನು ಫಿಲ್ಟರಿಗೆ ಹಿಡಿಯಿರಿ. ಅದು ಅಂಟಿಕೊಳ್ಳದೆ ಬಿದ್ದರೆ ಅಡುಗೆಮನೆಯ ಕಿಟಕಿಯನ್ನು ನಾಲ್ಕು ಬೆರಳಿನಷ್ಟು ತೆರೆದು ಮತ್ತೆ ಹಿಡಿಯಿರಿ. ಈಗ ಅಂಟಿಕೊಂಡರೆ ದೋಷ ಚಿಮಣಿಯದಲ್ಲ. ಹೊರಕ್ಕೆ ಹೋಗುವಷ್ಟೇ ಗಾಳಿ ಎಲ್ಲಿಂದಲಾದರೂ ಒಳಕ್ಕೆ ಬರಬೇಕು. ಸೊಳ್ಳೆಗೆ ಹೆದರಿ ಎಲ್ಲವನ್ನೂ ಮುಚ್ಚಿದ ಮನೆಯಲ್ಲಿ ಯಾವ ಚಿಮಣಿಯೂ ಎಳೆಯಲಾರದು. ಇಲ್ಲೊಂದು ಗಂಭೀರವಾದ ಎಚ್ಚರಿಕೆಯಿದೆ. ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ, ಕಿಟಕಿಗಳನ್ನು ಮುಚ್ಚಿ ಚಿಮಣಿ ಓಡಿಸಿದಾಗ ಗೀಸರಿನಿಂದ ಹೊರಹೋಗಬೇಕಾದ ಅನಿಲಗಳು ಹಿಂದಕ್ಕೆ ಮನೆಯೊಳಗೆ ಬರಬಹುದು. ಅವುಗಳಲ್ಲಿರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯಬಲ್ಲದು. ಗೀಸರ್ ಉರಿಯುವಾಗ ಚಿಮಣಿ ಓಡಿಸಲೇಬೇಕೆಂದಿದ್ದರೆ ಕಿಟಕಿ ತೆರೆದಿರಲೇಬೇಕು.

ಕಿಟಕಿ ತೆರೆದರೂ ಕಾಗದ ನಿಲ್ಲದಿದ್ದರೆ ಚಿಮಣಿಯ ಮೇಲಿನ ಬಾಯಿಯನ್ನು ನೋಡಬೇಕು. ಕೊಳವೆ ಸೇರುವ ಜಾಗದಲ್ಲಿ ಅರ್ಧಚಂದ್ರಾಕಾರದ ಎರಡು ಪ್ಲಾಸ್ಟಿಕ್ ರೆಕ್ಕೆಗಳಿರುತ್ತವೆ. ಚಿಮಣಿ ಓಡುವಾಗ ತೆರೆದುಕೊಂಡು, ನಿಂತಾಗ ಮುಚ್ಚಿ, ಹೊರಗಿನ ಗಾಳಿ ಒಳಬಾರದಂತೆ ತಡೆಯುವುದು ಅವುಗಳ ಕೆಲಸ. ಜಿಡ್ಡಿಗೆ ಅವು ಒಂದಕ್ಕೊಂದು ಅಂಟಿಕೊಂಡರೆ ಮೋಟಾರು ಎಷ್ಟು ಗರ್ಜಿಸಿದರೂ ಗಾಳಿ ಹೊರಹೋಗುವುದಿಲ್ಲ. ಬಿಸಿನೀರಿನ ಬಟ್ಟೆಯಿಂದ ಒರೆಸಿದರೆ ಸರಿಹೋಗುತ್ತದೆ. ಇಷ್ಟು ಸಣ್ಣ ದೋಷಕ್ಕೆ ಹೊಸ ಚಿಮಣಿ ಕೊಂಡವರನ್ನು ನಾನು ಬಲ್ಲೆ.

ಮುಂದಿನದು ಕೊಳವೆ. ಇದರ ಅಳತೆ ಸಾಮಾನ್ಯವಾಗಿ 6 ಇಂಚು. ಕೆಲವು ಮನೆಗಳಲ್ಲಿ ಗೋಡೆಯಲ್ಲಿ ಮೊದಲೇ ಇದ್ದ 4 ಇಂಚಿನ ತೂತಿಗೆ ಹೊಂದಿಸಲು ಕೊಳವೆಯನ್ನು ಕಿರಿದಾಗಿಸಿರುತ್ತಾರೆ. ಎರಡೇ ಇಂಚಿನ ವ್ಯತ್ಯಾಸವೆಂದು ಕಂಡರೂ ದಾರಿಯ ವಿಸ್ತಾರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ. ಪ್ರತಿಯೊಂದು ತಿರುವೂ ಹೀಗೆಯೇ ಎಳೆತವನ್ನು ತಿನ್ನುತ್ತದೆ. ಸುಕ್ಕುಸುಕ್ಕಾದ ಅಲ್ಯೂಮಿನಿಯಮ್ ಕೊಳವೆಯಾದರೆ ಅದನ್ನು ಪೂರ್ತಿ ಎಳೆದು ನೇರಮಾಡಿ ಹಾಕಿಸಿರಬೇಕು. ಸಡಿಲಬಿಟ್ಟರೆ ಆ ಸುಕ್ಕುಗಳಲ್ಲೆಲ್ಲ ಎಣ್ಣೆ ನಿಲ್ಲುತ್ತದೆ. ಇಂಥ ಕೊಳವೆಯನ್ನು ತೊಳೆಯಲು ಹೋಗಬೇಡಿ. ಅದು ಹರಿಯುತ್ತದೆ. ಜಿಡ್ಡು ಕಟ್ಟಿದ್ದರೆ ಬದಲಿಸುವುದೇ ಲೇಸು, ಹೊಸ ಚಿಮಣಿಯ ಬೆಲೆಯ ಮುಂದೆ ಅದು ಅಲ್ಪ ಖರ್ಚು.

ಕೊನೆಯದಾಗಿ ಹೊರಗೆ ಹೋಗಿ ಕೊಳವೆಯ ತುದಿಯನ್ನು ನೋಡಿ. ಬೆಂಗಳೂರಿನಲ್ಲಿ ಪಾರಿವಾಳಗಳಿಗೆ ಇದಕ್ಕಿಂತ ಬೆಚ್ಚಗಿನ ಗೂಡು ಸಿಗುವುದಿಲ್ಲ. ಕಡ್ಡಿ, ವೈರಿನ ಚೂರು, ಹಿಕ್ಕೆ ಸೇರಿ ಬಾಯಿ ಮುಚ್ಚಿಹೋಗಿರುತ್ತದೆ. ಮರಿಗಳಿದ್ದರೆ ದಯವಿಟ್ಟು ಅವು ಹಾರುವವರೆಗೆ, ಸುಮಾರು ಒಂದು ತಿಂಗಳು, ಚಿಮಣಿಯನ್ನು ನಿಲ್ಲಿಸಿ ಕಿಟಕಿಯಿಂದಲೇ ನಿಭಾಯಿಸಿ. ಅನಂತರ ಮಾಸ್ಕ್ ಹಾಕಿಕೊಂಡು, ಹಿಕ್ಕೆಗೆ ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ; ಒಣ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಆಮೇಲೆ ಜಾಲರಿಯಿರುವ ಮುಚ್ಚಳ ಹಾಕಿಸಿ. ಕೊಳವೆಯ ತುದಿ ಹೊರಕ್ಕೆ ತುಸು ಇಳಿಜಾರಾಗಿರಲಿ, ಇಲ್ಲವಾದರೆ ಗಾಳಿಮಳೆಯ ನೀರು ಒಳಗೆ ಹರಿದು ಮೋಟಾರಿಗೆ ಇಳಿಯುತ್ತದೆ.

ಇವೆಲ್ಲ ಸರಿಯಿದ್ದರೆ ಎತ್ತರವನ್ನು ಅಳೆಯಿರಿ. ಒಲೆಯಿಂದ ಎರಡೂವರೆ ಅಡಿಗಿಂತ ಮೇಲೆ ಕೂರಿಸಿದ್ದರೆ ಘಾಟು ಅಲ್ಲಿಗೆ ತಲುಪುವ ಮೊದಲೇ ಚದುರಿಹೋಗುತ್ತದೆ. ಮೆಣಸಿನಕಾಯಿ ಹುರಿಯುವ ಐದು ನಿಮಿಷ ಮೊದಲೇ ಚಿಮಣಿ ಹಾಕಿ, ಮುಗಿದ ಮೇಲೂ ಹತ್ತು ನಿಮಿಷ ಬಿಡಿ.

ಪ್ರಶ್ನೆ: ಇದ್ದಿಲಿನ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದೇ?
– ಓದುಗರು, ಬನಶಂಕರಿ

ಉತ್ತರ: ಸಾಮಾನ್ಯ ಮಾದರಿಗಳಲ್ಲಿ ಆಗದು. ಇದ್ದಿಲು ವಾಸನೆಯನ್ನು ಹಿಡಿಯುವುದು ತನ್ನ ಸೂಕ್ಷ್ಮ ರಂಧ್ರಗಳಲ್ಲಿ. ಅವು ತುಂಬಿದ ಮೇಲೆ ನೀರಿನಿಂದ ಬರಿದಾಗುವುದಿಲ್ಲ. ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಿ. ಕೊಳವೆಯಿಲ್ಲದೆ ಗಾಳಿಯನ್ನು ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿಗಳಲ್ಲಿ ಮಾತ್ರ ಇದು ಬೇಕು. ಅಂಥವು ಒಲೆಯ ಬಿಸಿಯನ್ನೂ ಹಬೆಯನ್ನೂ ಹೊರಹಾಕುವುದಿಲ್ಲ, ಆದ್ದರಿಂದ ಕೊಳವೆ ಹಾಕಿಸಲು ಸಾಧ್ಯವಿರುವ ಮನೆಗೆ ನಾನು ಅವನ್ನು ಸೂಚಿಸುವುದಿಲ್ಲ.

ಪ್ರಶ್ನೆ: ಚಿಮಣಿ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಕೆಲವು ದಿನ ಮೊದಲು ಗಡಗಡ ಎಂದು ಅದುರುತ್ತಿತ್ತು. ಮೋಟಾರ್ ಸುಟ್ಟಿದೆ, ಹೊಸದು ಹಾಕಬೇಕು ಎಂದರು.
– ಓದುಗರು, ರಾಜಾಜಿನಗರ

ಉತ್ತರ: ಇವು ಎರಡು ಬೇರೆ ಸದ್ದುಗಳು. ಅದುರುವ ಸದ್ದು ಬ್ಲೋವರಿನದು. ಅದರ ಸುತ್ತಲಿನ ಎಸಳುಗಳ ಮೇಲೆ ಜಿಡ್ಡು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕುಳಿತಾಗ ತೂಕದ ಸಮತೋಲ ತಪ್ಪುತ್ತದೆ. ಬಹಳ ದಿನ ಹಾಗೆಯೇ ಓಡಿಸಿದರೆ ಬೇರಿಂಗ್ ಸವೆಯುತ್ತದೆ. ತೊಳೆದರೆ ಈ ಸದ್ದು ನಿಲ್ಲಬೇಕು. ತೊಳೆಯುವವರಿಗೆ ಒಂದು ಮಾತು ಹೇಳಿ: ಎಸಳುಗಳಿಗೆ ಸಿಕ್ಕಿಸಿದ ಸಣ್ಣ ಲೋಹದ ಕ್ಲಿಪ್ಪುಗಳಿದ್ದರೆ ಅವನ್ನು ಕೊಳೆಯೆಂದು ಕೀಳಬಾರದು, ಕಾರ್ಖಾನೆಯವರು ಸಮತೋಲಕ್ಕಾಗಿಯೇ ಹಾಕಿದವು ಅವು. ಬ್ಲೋವರಿನ ನಟ್ಟು ಅನೇಕ ಮಾದರಿಗಳಲ್ಲಿ ಎಡಮರೆಯದಾಗಿದ್ದು ಮಾಮೂಲಿ ದಿಕ್ಕಿಗೆ ವಿರುದ್ಧವಾಗಿ ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದೆ ಬಲ ಹಾಕಿದರೆ ಮುರಿಯುತ್ತದೆ.

ಗುಂಯ್ ಎಂದು ನಿಲ್ಲುವುದಕ್ಕೆ ಬಹಳ ಸಲ ಕಾರಣ ಕೆಪಾಸಿಟರ್, ಅಂದರೆ ಮೋಟಾರು ತಿರುಗತೊಡಗಲು ನೆರವಾಗುವ ಸಣ್ಣ ಬಿಡಿಭಾಗ. ಸೀಲಿಂಗ್ ಫ್ಯಾನಿನಲ್ಲಿ ಕೆಡುವಂತೆಯೇ ಇಲ್ಲಿಯೂ ಕೆಡುತ್ತದೆ. ಆದ್ದರಿಂದ ಮೋಟಾರಿಗೆ ಹಣ ಕೊಡುವ ಮೊದಲು ಕೆಪಾಸಿಟರನ್ನು ಬದಲಿಸಿ ನೋಡಿದ್ದೀರಾ ಎಂದು ಕೇಳಿ. ಬಿಚ್ಚಿದ ಹಳೆಯದರ ಮೇಲೆ ಮೈಕ್ರೊಫ್ಯಾರಡ್ ಲೆಕ್ಕದಲ್ಲಿ ಬರೆದ ಅಂಕಿಯೂ ವೋಲ್ಟೇಜೂ ಇರುತ್ತವೆ; ಅದನ್ನೇ ತೋರಿಸಿದರೆ ಎಸ್.ಪಿ. ರಸ್ತೆಯಲ್ಲಾಗಲಿ ಎಸ್.ಜೆ.ಪಿ. ರಸ್ತೆಯಲ್ಲಾಗಲಿ ಸರಿಸಮನಾದದ್ದು ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಅಂದಾಜಿನ ಮೇಲೆ ದೊಡ್ಡದನ್ನು ಹಾಕಿಸಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ಹಾಗಾಗಿ ಈ ಕೆಲಸವನ್ನು ಬಲ್ಲವರಿಗೇ ಬಿಡಿ. ಹೊಸ ಬಗೆಯ ಬಿಎಲ್‌ಡಿಸಿ ಮೋಟಾರಿನ ಚಿಮಣಿಯಾದರೆ ಈ ಮಾತು ಅನ್ವಯಿಸುವುದಿಲ್ಲ; ಅದನ್ನು ನಡೆಸುವುದು ಎಲೆಕ್ಟ್ರಾನಿಕ್ ಬೋರ್ಡ್.

ಪ್ರಶ್ನೆ: ನಮ್ಮದು ಹಳೆಯ ಮನೆ. ಚಿಮಣಿಯಿಲ್ಲ, ಗೋಡೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಇದೆ. ಇಲ್ಲಣ ಮತ್ತು ಜಿಡ್ಡು ಸೇರಿ ಅದು ಕಂಬಳಿಹುಳುವಿನಂತೆ ಕಾಣುತ್ತದೆ. ಮಕ್ಕಳು ಕಿತ್ತುಹಾಕೋಣ ಎನ್ನುತ್ತಾರೆ. ನನಗೆ 71 ವರ್ಷ, ಅದು ನನ್ನ ಯಜಮಾನರು ಹಾಕಿಸಿದ್ದು.
– ಹಿರಿಯ ಓದುಗರು, ಬಸವನಗುಡಿ

ಉತ್ತರ: ಅಮ್ಮ, ಕೀಳಿಸಬೇಡಿ. ಗೋಡೆಯಿಂದ ನೇರವಾಗಿ ಹೊರಕ್ಕೆ ಗಾಳಿ ತಳ್ಳುವ, ಕೊಳವೆಯೂ ತಿರುವೂ ಇಲ್ಲದ ಫ್ಯಾನು ಸಣ್ಣ ಸಂಸಾರದ ಅಡುಗೆಗೆ ಈಗಲೂ ಚೆನ್ನಾಗಿ ಸಲ್ಲುತ್ತದೆ. ಆದರೆ ನೀವು ಏಣಿ ಹತ್ತಬೇಡಿ. ಮಕ್ಕಳಲ್ಲಿ ಒಬ್ಬರು ಹತ್ತಲಿ, ನೀವು ಕೆಳಗೆ ನಿಂತು ಹೇಳಿಕೊಡಿ. ಹಳೆಯ ಮನೆಗಳಲ್ಲಿ ಫ್ಯಾನಿನ ತಂತಿ ಪ್ಲಗ್ಗಿಲ್ಲದೆ ನೇರವಾಗಿ ಗೋಡೆಗೆ ಸೇರಿರುತ್ತದೆ, ಆದ್ದರಿಂದ ಸ್ವಿಚ್ಚನ್ನು ನಂಬದೆ ಮೇನ್ ಆರಿಸಿಯೇ ಕೈ ಹಾಕಬೇಕು.

ಮೊದಲು ಒಣ ಬ್ರಷ್ಷಿನಿಂದ ಇಲ್ಲಣವನ್ನು ಉದುರಿಸಿ. ಒದ್ದೆ ಬಟ್ಟೆ ಮೊದಲೇ ಮುಟ್ಟಿಸಿದರೆ ಅದು ಮಸಿಯ ಕೆಸರಾಗಿ ಗೋಡೆಗೆಲ್ಲ ಇಳಿಯುತ್ತದೆ. ಎಸಳುಗಳನ್ನು ಹಿಡಿದಿರುವ ನಡುವಿನ ಸ್ಕ್ರೂ ಸಡಿಲಿಸಿದರೆ ಬಹುತೇಕ ಹಳೆಯ ಫ್ಯಾನುಗಳಲ್ಲಿ ಎಸಳುಗಳು ಒಟ್ಟಾಗಿ ಕೈಗೆ ಬರುತ್ತವೆ. ಅವು ಬಣ್ಣ ಬಳಿದ ತಗಡಾದ್ದರಿಂದ ವಾಷಿಂಗ್ ಸೋಡಾ ಬೇಡ, ಬಣ್ಣ ಏಳುತ್ತದೆ. ನಿಮಗೆ ಗೊತ್ತಿರುವ ಸೀಗೆಪುಡಿಯನ್ನೇ ಬಿಸಿನೀರಿನಲ್ಲಿ ಕಲಸಿ, ಎಣ್ಣೆಸ್ನಾನದ ತಲೆಗೆ ಹಚ್ಚುವಷ್ಟು ಮಂದವಾಗಿ ಬಳಿದು, ಇಪ್ಪತ್ತು ನಿಮಿಷ ಬಿಟ್ಟು ತೆಂಗಿನ ನಾರಿನಿಂದ ಉಜ್ಜಿಸಿ. ಎಣ್ಣೆಯನ್ನು ಬಿಡಿಸುವ ನೊರೆಯ ಗುಣ ಅದರಲ್ಲಿಯೇ ಇದೆ. ಬಲವಾಗಿ ಅಂಟಿದ್ದರೆ ಎರಡನೆಯ ಸಲ ಪಾತ್ರೆ ತೊಳೆಯುವ ದ್ರವ ಬಳಸಿ. ಎಸಳು ಬಾಗದಂತೆ ಎಚ್ಚರವಿರಲಿ. ಮೋಟಾರಿಗೆ ನೀರು ತಾಗಿಸಬಾರದು. ಹಿಂಡಿದ ಬಟ್ಟೆಯಿಂದ ಮೇಲ್ಮೈಯನ್ನು ಒರೆಸಿ, ಗಾಳಿಗೆಂದು ಬಿಟ್ಟ ರಂಧ್ರಗಳ ಜಿಡ್ಡನ್ನು ಕಡ್ಡಿಯಿಂದ ತೆಗೆದರೆ ಸಾಕು. ಹೊರಗಡೆಯ ತಗಡಿನ ಪಟ್ಟಿಗಳು ಒಂದೊಂದಾಗಿ ಸಲೀಸಾಗಿ ಏಳುತ್ತವೆಯೇ ಎಂದು ಬೆರಳಿನಿಂದ ಎತ್ತಿ ನೋಡಲಿ.

ಜೋಡಿಸುವ ಮುನ್ನ ಮೋಟಾರಿನ ಕಂಬಿಯ ಬುಡಕ್ಕೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಡಿಸಿ. ಕೊಬ್ಬರಿ ಎಣ್ಣೆ ಹಾಕುವ ರೂಢಿ ಹಲವರಲ್ಲಿದೆ; ಅದು ಚಳಿಗೆ ಹೆಪ್ಪುಗಟ್ಟಿ, ಧೂಳು ಹಿಡಿದು, ಕಂಬಿಯನ್ನೇ ಬಿಗಿಯಿಸುತ್ತದೆ. ಎಸಳು ಜೋಡಿಸಿದ ಮೇಲೆ ಮೇನ್ ಹಾಕುವ ಮೊದಲು ಒಂದು ಬೆರಳಿನಿಂದ ತಿರುಗಿಸಿ ಬಿಡಲಿ. ಎಲ್ಲಿಯೂ ಉಜ್ಜದೆ ನಾಲ್ಕಾರು ಸುತ್ತು ತಾನಾಗಿ ತಿರುಗಿ ನಿಂತರೆ ಸರಿಯಾಗಿದೆ. ಒಂದೇ ಜಾಗದಲ್ಲಿ ತಟ್ಟನೆ ನಿಂತರೆ ಸ್ಕ್ರೂ ಸಡಿಲಿಸಿ ಎಸಳನ್ನು ಕೂದಲೆಳೆಯಷ್ಟು ಮುಂದಕ್ಕೆ ಎಳೆದು ಮತ್ತೆ ಬಿಗಿಯಬೇಕು.